ಕಪಾಟಿನಲ್ಲಿ ಉಳಿದ ಔಷಧ

ಮನೆಯ ಹಿರಿಯರೊಬ್ಬರು ದೀರ್ಘಕಾಲದ ಅನಾರೋಗ್ಯದ ಬಳಿಕ ತೀರಿಕೊಳ್ಳುತ್ತಾರೆ. ಕೆಲವು ದಿನಗಳ ನಂತರ ಮನೆಯವರು ಅವರ ಬಟ್ಟೆಬರೆಗಳನ್ನು ಹಂಚುತ್ತಾರೆ, ಕಾಗದಪತ್ರಗಳನ್ನು ವಿಂಗಡಿಸುತ್ತಾರೆ. ಕೊನೆಗೆ ಉಳಿಯುವುದು ಔಷಧಗಳ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಅರ್ಧ ಮುಗಿದ ಮಾತ್ರೆಯ ಪಟ್ಟಿಗಳಿವೆ, ತೆರೆಯದ ಸಿರಪ್ ಇದೆ, ಫ್ರಿಜ್ಜಿನಲ್ಲಿಟ್ಟ ಇನ್ಸುಲಿನ್ ಇದೆ. ಹಣ ಕೊಟ್ಟು ತಂದುದನ್ನು ಎಸೆಯಲು ಮನಸ್ಸು ಒಪ್ಪುವುದಿಲ್ಲ. ‘ಯಾರಾದರೂ ಬಡವರಿಗೆ ಉಪಯೋಗವಾದೀತು’ ಎಂದು ಒಬ್ಬರೆನ್ನುತ್ತಾರೆ. ‘ಕಸಕ್ಕೆ ಹಾಕಿ ಕೈ ತೊಳೆದುಕೊಳ್ಳಿ’ ಎಂದು ಇನ್ನೊಬ್ಬರೆನ್ನುತ್ತಾರೆ. ತೀರ್ಮಾನವಾಗದೆ ಆ ಚೀಲ ಮತ್ತೆ ಕಪಾಟು ಸೇರುತ್ತದೆ. ಈ ಮೂರೂ ದಾರಿಗಳು ತಪ್ಪು ಎಂಬುದನ್ನು ನಾವು ಅರಿತುಕೊಳ್ಳಬೇಕಾಗಿದೆ.

ಮೊದಲನೆಯದಾಗಿ, ಕೂಡಿಡುವ ಅಭ್ಯಾಸ. ವೈದ್ಯರು ಮಾತ್ರೆ ಬದಲಿಸುತ್ತಾರೆ, ರೋಗ ಬೇಗ ವಾಸಿಯಾಗುತ್ತದೆ, ಹತ್ತರ ಪಟ್ಟಿಯಲ್ಲಿ ನಾಲ್ಕು ಉಳಿಯುತ್ತದೆ. ಇದರಲ್ಲಿ ಯಾರದ್ದೂ ಅಪರಾಧವಿಲ್ಲ. ಆದರೆ ಹೆಸರು, ದಿನಾಂಕ ಹರಿದುಹೋದ ಆ ತುಂಡುಗಳು ಮೊಮ್ಮಕ್ಕಳ ಕೈಗೆಟಕುವ ಡಬ್ಬಿಯಲ್ಲಿದ್ದರೆ ಅಲ್ಲಿಂದ ಅಪಾಯ ಆರಂಭವಾಗುತ್ತದೆ. ಸಕ್ಕರೆ ಕಾಯಿಲೆಯ ಕೆಲವು ಬಗೆಯ ಮಾತ್ರೆಗಳಲ್ಲಿ ಒಂದನ್ನು ಪುಟ್ಟ ಮಗು ನುಂಗಿದರೂ ಅದರ ರಕ್ತದಲ್ಲಿನ ಸಕ್ಕರೆ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಕಣ್ಣು ಮಂಜಾದ ವೃದ್ಧರು ಒಂದರ ಬದಲು ಇನ್ನೊಂದನ್ನು ನುಂಗುವ ಸಾಧ್ಯತೆಯೂ ಕಡಿಮೆಯದ್ದಲ್ಲ.

ಉಳಿದ ಆ್ಯಂಟಿಬಯೋಟಿಕ್‌ಗಳದ್ದು ಇನ್ನೂ ದೊಡ್ಡ ಸಮಸ್ಯೆ. ಕಳೆದ ಬಾರಿಯ ಜ್ವರಕ್ಕೆ ಕೊಟ್ಟದ್ದನ್ನು ಈ ಬಾರಿಯ ನೆಗಡಿಗೆ ನುಂಗುವುದು, ನೆರೆಮನೆಯವರಿಗೆ ಎರಡು ಕೊಡುವುದು ನಮ್ಮಲ್ಲಿ ಉಪಕಾರವೆನಿಸಿಕೊಂಡಿದೆ. ಇಂತಹ ಅರೆಬರೆ ಬಳಕೆಯಿಂದಲೂ ರೋಗಾಣುಗಳು ಔಷಧಕ್ಕೆ ಬಗ್ಗದ ಶಕ್ತಿಯನ್ನು ಪಡೆಯುತ್ತವೆ. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಈ ರೀತಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವೆಂದು ಸಂಶೋಧಕರು 2022ರಲ್ಲಿ ಅಂದಾಜಿಸಿದರು. ವೈದ್ಯರ ಚೀಟಿಯಿಲ್ಲದೆ ಸೇವಿಸಬಾರದ ಔಷಧಗಳ ಪಟ್ಟಿಯ ಮೇಲೆ ಕೆಂಪು ಗೆರೆ ಎಳೆದಿರುವುದು ಅಲಂಕಾರಕ್ಕಲ್ಲ.

ಎರಡನೆಯದಾಗಿ, ದಾನ. ಇಲ್ಲಿ ನಾವು ಸ್ವಲ್ಪ ನಿಷ್ಠುರವಾಗಿ ಮಾತನಾಡಬೇಕಾಗಿದೆ. ನೆರೆ ಬಂದಾಗ, ಭೂಕಂಪವಾದಾಗ ಮನೆಯಲ್ಲುಳಿದ ಔಷಧಗಳನ್ನು ಚೀಲದಲ್ಲಿ ತುಂಬಿ ಕಳುಹಿಸುವ ಉತ್ಸಾಹ ಎಲ್ಲ ಕಡೆಯೂ ಇದೆ. ಅದರ ಫಲವೇನೆಂಬುದನ್ನು ಬೋಸ್ನಿಯ ಕಂಡಿದೆ. 1992ರಿಂದ 1996ರ ನಡುವೆ ಆ ದೇಶಕ್ಕೆ ಬಂದ ಔಷಧ ನೆರವಿನಲ್ಲಿ ಸುಮಾರು 17,000 ಟನ್‌ನಷ್ಟು ಅನುಪಯುಕ್ತವಾಗಿತ್ತೆಂದೂ ಅದರ ವಿಲೇವಾರಿಗೆ ಸುಮಾರು 3.4 ಕೋಟಿ ಡಾಲರ್ ಬೇಕಾದೀತೆಂದೂ ತಜ್ಞರು ಲೆಕ್ಕ ಹಾಕಿದ್ದರು. ಅವಧಿ ಮುಗಿದವು, ಯಾರೋ ಅರ್ಧ ಬಳಸಿಬಿಟ್ಟವು ಅದರಲ್ಲಿದ್ದವು. 2004ರ ಸುನಾಮಿಯ ಬಳಿಕ ಇಂಡೋನೇಷ್ಯಾದ ಅಚೆ ಪ್ರಾಂತ್ಯದಲ್ಲೂ ಇದೇ ಕತೆ ಮರುಕಳಿಸಿತು. ಅಲ್ಲಿನವರಿಗೆ ಓದಲು ಬಾರದ ಭಾಷೆಯ ಲೇಬಲ್ಲುಗಳಿರುವ ಔಷಧಗಳು ರಾಶಿ ಬಿದ್ದವು. ಯುದ್ಧದಲ್ಲಿ, ಪ್ರಳಯದಲ್ಲಿ ನೊಂದ ಜನರ ಮೇಲೆ ಜಗತ್ತಿನ ಕಪಾಟುಗಳ ಕಸದ ಹೊರೆಯೂ ಬಿತ್ತು. ರೋಗಿಗಳಿಗೆ ನೀಡಲ್ಪಟ್ಟು ಮರಳಿ ಬಂದ ಔಷಧವನ್ನು ದಾನ ಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳಿರುವುದು ಇದೇ ಕಾರಣಕ್ಕೆ. ಆ ಮಾತ್ರೆ ಯಾವ ಬಿಸಿಲಲ್ಲಿತ್ತು, ಯಾವ ತೇವದಲ್ಲಿತ್ತು ಎಂಬುದಕ್ಕೆ ಸಾಕ್ಷಿಯಿಲ್ಲ. ನಮ್ಮ ಮಗುವಿಗೆ ಕೊಡಲು ನಾವು ಅಂಜುವ ಮಾತ್ರೆಯನ್ನು ಬಡವನ ಮಗುವಿಗೆ ಕೊಡುವುದು ದಾನವಾಗುವುದು ಹೇಗೆ? ನೆರವಾಗಬೇಕೆಂದಿದ್ದರೆ ವೈದ್ಯರ ಚೀಟಿ ಹಿಡಿದು ನಿಂತವನಿಗೆ ಹೊಸ ಔಷಧ ಕೊಡಿಸೋಣ.

ಮೂರನೆಯದು, ಎಸೆಯುವುದು. ಬೀದಿಯ ಕಸದಲ್ಲಿ ಬಿದ್ದ ಮಾತ್ರೆಯನ್ನು ಮೊದಲು ಮುಟ್ಟುವವರು ಪೌರ ಕಾರ್ಮಿಕರು, ಚಿಂದಿ ಆಯುವವರು ಮತ್ತು ಅವರ ಮಕ್ಕಳು. ಚರಂಡಿಗೆ ಸುರಿದದ್ದು ನೀರನ್ನು ಸೇರುತ್ತದೆ. ಹಿತ್ತಿಲಲ್ಲಿ ಸುಟ್ಟದ್ದು ವಿಷದ ಹೊಗೆಯಾಗುತ್ತದೆ. ಔಷಧವು ರೋಗಿಯ ದೇಹದಾಚೆಗೂ ಕೆಲಸ ಮಾಡುತ್ತದೆ ಎಂಬುದಕ್ಕೆ ರಣಹದ್ದುಗಳ ದುರಂತವೇ ಪುರಾವೆ. ಜಾನುವಾರುಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಅವುಗಳ ಕಳೇಬರದಲ್ಲುಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿತು. ಭಾರತದ ಕೆಲವು ಜಾತಿಯ ರಣಹದ್ದುಗಳು ನೂರಕ್ಕೆ ತೊಂಬತ್ತೈದಕ್ಕಿಂತಲೂ ಹೆಚ್ಚು ನಾಶವಾದವು. 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸುವ ಹೊತ್ತಿಗೆ ಆಗಬೇಕಾದ ಹಾನಿ ಆಗಿಹೋಗಿತ್ತು. ಅದು ಮನೆಯ ಕಸದಿಂದಾದುದಲ್ಲ, ನಿಜ. ಆದರೆ ಕಣ್ಮರೆಯಾದದ್ದು ಇಲ್ಲವಾಗಿದೆ ಎಂದು ಭಾವಿಸಬಾರದೆಂಬ ಪಾಠ ಅದರಲ್ಲಿದೆ.

ಹಾಗಾದರೆ ಮಾಡಬೇಕಾದುದೇನು? ಮರಳಿ ಪಡೆಯುವ ವ್ಯವಸ್ಥೆ ಇರುವಲ್ಲಿ ಅಲ್ಲಿಗೇ ಕೊಡುವುದು ಅತ್ಯುತ್ತಮ. ಮೆಡಿಕಲ್ ಶಾಪ್‌ನಲ್ಲಿ ಅಥವಾ ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಬೇಕು. ಅದಿಲ್ಲದಿದ್ದರೆ ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ, ಪುಡಿ ಮಾಡದೆ, ಮಣ್ಣು ಅಥವಾ ಬಳಸಿಬಿಟ್ಟ ಕಾಫಿ, ಚಹಾ ಪುಡಿಯಂತಹ ಯಾರೂ ಬಾಯಿಗಿಡದ ವಸ್ತುವಿನೊಂದಿಗೆ ಬೆರೆಸಬೇಕು. ಗಟ್ಟಿಯಾಗಿ ಮುಚ್ಚಿದ ಡಬ್ಬಿಯಲ್ಲಿಟ್ಟು, ಮೇಲೆ ಬರೆದು, ಕಸದ ವಾಹನದವರಿಗೆ ತಿಳಿಸಿ ಬೇರೆಯಾಗಿ ಕೊಡಬೇಕು. ಚೀಟಿಯಲ್ಲಿರುವ ರೋಗಿಯ ಹೆಸರನ್ನು ಅಳಿಸಬೇಕು. ಇನ್ಸುಲಿನ್ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿಯಬೇಕು. ಒಂದು ವಿನಾಯಿತಿಯಿದೆ: ಮಾರ್ಫಿನ್, ಫೆಂಟಾನಿಲ್, ಟ್ರಮಡಾಲ್, ಡಯಾಜೆಪಾಮ್ ಮುಂತಾದ 17 ಔಷಧಗಳು ತಪ್ಪು ಕೈಗೆ ಸಿಕ್ಕಿದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಅವನ್ನು ಮಾತ್ರ ಶೌಚಾಲಯದಲ್ಲಿ ಹಾಕಿ ನೀರು ಬಿಡಬೇಕೆಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಸೂಚಿಸಿತು. ಕ್ಯಾನ್ಸರ್ ರೋಗಿಗಳನ್ನು ಆರೈಕೆ ಮಾಡಿದ ಮನೆಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಆದರೆ ಎಲ್ಲವನ್ನೂ ಗೃಹಿಣಿಯ ತಲೆಗೆ ಕಟ್ಟಿ ಸರಕಾರ ಸುಮ್ಮನಾಗುವಂತಿಲ್ಲ. ಅವಧಿ ಮುಗಿದ ಔಷಧಗಳನ್ನು ಮನೆಯ ಅಪಾಯಕಾರಿ ತ್ಯಾಜ್ಯವೆಂದು 2016ರ ಘನತ್ಯಾಜ್ಯ ನಿಯಮಗಳೇ ಹೆಸರಿಸಿದ್ದವು. ಪ್ರತಿ 20 ಚದರ ಕಿಲೋಮೀಟರಿಗೊಂದು ಸಂಗ್ರಹ ಕೇಂದ್ರ ತೆರೆಯುವ ಹೊಣೆಯನ್ನು ಸ್ಥಳೀಯಾಡಳಿತಗಳಿಗೆ ವಹಿಸಿದ್ದವು. ನಮ್ಮ ಊರಿನಲ್ಲಿ ಅಂತಹ ಕೇಂದ್ರವನ್ನು ಕಂಡವರೆಷ್ಟು ಮಂದಿ? ಔಷಧ ಮರಳಿ ಪಡೆಯುವ ಕೇಂದ್ರಗಳನ್ನು ರಾಜ್ಯಗಳ ಔಷಧ ನಿಯಂತ್ರಣ ಇಲಾಖೆ ಮತ್ತು ಔಷಧ ವ್ಯಾಪಾರಿಗಳ ಸಂಘಗಳು ಸೇರಿ ಆರಂಭಿಸಬೇಕೆಂದು 2025ರ ಮಾರ್ಗಸೂಚಿಯೂ ಹೇಳಿತು. ನೆರೆಯ ಕೇರಳ ಅದೇ ವರ್ಷ ಕೋಝಿಕ್ಕೋಡಿನಲ್ಲಿ ಇಂತಹ ಯೋಜನೆಯನ್ನು ಆರಂಭಿಸಿತು. ಆಸ್ಪತ್ರೆಗಳ ತ್ಯಾಜ್ಯವನ್ನು ಒಯ್ದು ಅಧಿಕ ತಾಪಮಾನದಲ್ಲಿ ಸುಡುವ ವ್ಯವಸ್ಥೆ ಕರ್ನಾಟಕದಲ್ಲಿ ಹೊಸದೇನಲ್ಲ. ಊರಿಗೆ ಬರುವ ಆ ವಾಹನಕ್ಕೆ ಮೆಡಿಕಲ್ ಶಾಪ್‌ನ ಒಂದು ಪೆಟ್ಟಿಗೆಯನ್ನೂ ಸೇರಿಸಲು ಬೇಕಾಗಿರುವುದು ಬೆಟ್ಟದಷ್ಟು ಹಣವಲ್ಲ, ಇಚ್ಛಾಶಕ್ತಿ. ಮತ ಕೇಳಲು ಬರುವ ವಾರ್ಡ್ ಸದಸ್ಯರ ಮುಂದೆ ರಸ್ತೆ, ಚರಂಡಿಯ ಜೊತೆ ಈ ಬೇಡಿಕೆಯನ್ನೂ ಇಡಬೇಕು.

ಮೊಹಲ್ಲಾ ಸಮಿತಿಗಳಿಗೂ ಒಂದು ಮಾತು. ಮುಂದಿನ ದಾರಿ ಗೊತ್ತುಮಾಡದೆ ಮಸೀದಿಯ ಬಾಗಿಲಲ್ಲಿ ಪೆಟ್ಟಿಗೆ ಇಟ್ಟರೆ ಮನೆಮನೆಯ ಅಪಾಯವನ್ನು ಒಂದೆಡೆ ರಾಶಿ ಹಾಕಿದಂತಾಗುವುದಷ್ಟೆ. ಮೊದಲು ನಗರಸಭೆಯೊಂದಿಗೆ, ಔಷಧ ವ್ಯಾಪಾರಿಗಳೊಂದಿಗೆ ಮಾತಾಗಲಿ. ಅಷ್ಟರವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ರಮಝಾನ್‌ಗೆ ಮುನ್ನ ಮನೆಯ ಮೂಲೆಮೂಲೆಯನ್ನೂ ಸ್ವಚ್ಛಗೊಳಿಸುವ ರೂಢಿ ನಮ್ಮಲ್ಲಿದೆ. ಆಗ ಕಪಾಟಿನ ಆ ಚೀಲವನ್ನೂ ಇಳಿಸಿ, ಒಂದೊಂದಾಗಿ ದಿನಾಂಕ ನೋಡೋಣ. ಔಷಧವನ್ನು ತರುವಾಗ ತೋರಿದ ಕಾಳಜಿಯನ್ನು ಅದನ್ನು ಕಳೆಯುವಾಗಲೂ ತೋರಬೇಕು. ಏಕೆಂದರೆ ನಮ್ಮ ಮನೆಯ ರೋಗಿಯ ಪ್ರಾಣದಷ್ಟೇ ನಮ್ಮ ಬೀದಿ ಗುಡಿಸುವವರ ಪ್ರಾಣವೂ ಅಮೂಲ್ಯ.