ಹಳೆಯ ಶಾಯಿ, ಹೊಸ ಬರಹ



ವರದಾ ನದಿಯ ಉಗಮಸ್ಥಾನವಾದ ವರದಮೂಲದ ಆಸುಪಾಸಿನ ಹಳೆಯ ಮನೆಗಳಲ್ಲಿ ಅಟ್ಟದ ಪೆಟ್ಟಿಗೆಯನ್ನು ಇಳಿಸಿದರೆ, ಹಿರಿಯರ ಲೆಕ್ಕದ ಪುಸ್ತಕ, ವಚನಗಳನ್ನು ಎತ್ತಿ ಬರೆದುಕೊಂಡ ವಹಿ, ಇವುಗಳ ಜೊತೆಗೆ ಅರ್ಧ ತುಂಬಿದ ಶಾಯಿಯ ಸೀಸೆಯೂ ದೊರೆಯುವುದುಂಟು. ಜೀರ್ಣವಾದ ವಂಶಾವಳಿಯನ್ನು ಹೊಸ ಪುಸ್ತಕಕ್ಕೆ ಬರೆಯುವಾಗ ಅಜ್ಜನದೇ ಪೆನ್ನು, ಅಜ್ಜನದೇ ಶಾಯಿ ಇರಲೆಂದು ಮೊಮ್ಮಕ್ಕಳು ಬಯಸುವುದು ಸಹಜ. ಆ ಶಾಯಿ ಇನ್ನೂ ಬಳಕೆಗೆ ಬಂದೀತೇ?

ವಯಸ್ಸಾದ ಮಾತ್ರಕ್ಕೆ ಶಾಯಿ ಕೆಡುವುದಿಲ್ಲ ಎಂಬುದೇ ನಮ್ಮ ಉತ್ತರ. ಫೌಂಟನ್ ಪೆನ್ನಿನ ಸಾಮಾನ್ಯ ಶಾಯಿಯೆಂದರೆ ನೀರಿನಲ್ಲಿ ಕರಗಿದ ಬಣ್ಣ. ಬೂಷ್ಟು ಹಿಡಿಯದಂತೆ ಅದಕ್ಕೆ ಔಷಧವನ್ನೂ ಸೇರಿಸಿರುತ್ತಾರೆ. ಮುಚ್ಚಳ ಬಿಗಿಯಾಗಿದ್ದು, ಸೀಸೆ ಕತ್ತಲೆಯಲ್ಲಿದ್ದರೆ ಹಲವು ದಶಕಗಳ ಮೇಲೂ ಅದು ಚೆನ್ನಾಗಿ ಬರೆಯಬಲ್ಲದು.

ಆದರೂ ಪರೀಕ್ಷಿಸದೆ ಪೆನ್ನಿಗೆ ತುಂಬಬಾರದು. ಸೀಸೆಯನ್ನು ಅಲುಗಾಡಿಸದೆ ಬೆಳಕಿಗೆ ಹಿಡಿದು ನೋಡಬೇಕು. ಮೇಲೆ ಕೆನೆಯಂತಹ ಪದರವಿದ್ದರೆ, ಶುಚಿಯಾದ ಕಡ್ಡಿಯನ್ನು ಅದ್ದಿ ಎತ್ತಿದಾಗ ಲೋಳೆ ಎಳೆಯಾಗಿ ಬಂದರೆ, ಅದು ಬೂಷ್ಟು. ಮಲೆನಾಡಿನ ತೇವದಲ್ಲಿ ಶಾಯಿಯ ದೊಡ್ಡ ವೈರಿ ಇದೇ. ಅಂತಹ ಶಾಯಿಯನ್ನು ಸೋಸಿ ಉಳಿಸಲು ಹೋಗಬಾರದು, ಚೆಲ್ಲಿಬಿಡಬೇಕು. ಕೊಳೆತ ವಾಸನೆ ಬಂದರೂ ಹಾಗೆಯೇ. ಕೆಲವು ಹಳೆಯ ಶಾಯಿಗಳಿಗೆ ಫಿನಾಯಿಲಿನಂತಹ ಘಾಟು ಇರುತ್ತದೆ. ಅದು ಕಾಪಿಡುವ ಔಷಧದ್ದು, ಅದಕ್ಕೆ ಹೆದರಬೇಕಾಗಿಲ್ಲ.

ನೀರಾರಿ ಮಂದವಾಗಿರುವುದಷ್ಟೇ ದೋಷವಾದರೆ ಡಿಸ್ಟಿಲ್ಡ್ ವಾಟರನ್ನು ಹನಿಹನಿಯಾಗಿ ಸೇರಿಸಿ ಸರಿಪಡಿಸಬಹುದು. ಕಬ್ಬಿಣದ ಅಂಶವುಳ್ಳ ಹಳೆಯ ನೀಲಿಗಪ್ಪು ಶಾಯಿಯ ಮಾತು ಬೇರೆ. ಗಾಳಿ ತಾಗಿ ಅದರ ತಳದಲ್ಲಿ ಗಸಿ ನಿಂತಿದ್ದರೆ ಮತ್ತೆ ಕರಗದು. ಪೆನ್ನಿನ ಸಣ್ಣ ದಾರಿಗಳು ಕಟ್ಟಿಕೊಳ್ಳುತ್ತವೆ. ಚಿತ್ರ ಬರೆಯುವ ಇಂಡಿಯನ್ ಇಂಕನ್ನಂತೂ, ಹೊಸದಾದರೂ, ಫೌಂಟನ್ ಪೆನ್ನಿಗೆ ಹಾಕಲಾಗದು. ಎರಡು ಸೀಸೆಗಳ ಶಾಯಿ ಬೆರೆಸುವುದೂ, ಪೆನ್ನಿನಲ್ಲಿ ಉಳಿದುದನ್ನು ಸೀಸೆಗೆ ಹಿಂದಕ್ಕೆ ಸುರಿಯುವುದೂ ಸಲ್ಲದು. ಮೊದಲು ಅದ್ದಿ ಬರೆಯುವ ಕಡ್ಡಿ ಪೆನ್ನಿನಿಂದ ನಾಲ್ಕು ಸಾಲು ಬರೆದು ನೋಡಿ, ಆಮೇಲೆ ತಣ್ಣೀರಿನಲ್ಲಿ ತೊಳೆದ ಪೆನ್ನಿಗೆ ತುಂಬುವುದು ಲೇಸು.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಬರೆಯಲು ಬರುವ ಶಾಯಿಯೆಲ್ಲ ಬಾಳುವ ಶಾಯಿಯೇ? ಸಾಗರದ ಬಳಿಯ ಕೆಳದಿಯ ವಸ್ತುಸಂಗ್ರಹಾಲಯದಲ್ಲಿರುವ ಓಲೆಗರಿಗಳನ್ನು ನೋಡಿರಿ. ಓಲೆಯಲ್ಲಿ ಕಂಠದಿಂದ ಅಕ್ಷರ ಕೊರೆದು, ಕಾಡಿಗೆ ಸವರುತ್ತಿದ್ದರು. ಕಪ್ಪು ಮಾಸಿದರೂ ಗೀರು ಉಳಿಯುತ್ತಿತ್ತು. ಮತ್ತೆ ಸವರಿದರೆ ಅಕ್ಷರ ಎದ್ದು ಕಾಣುತ್ತಿತ್ತು. ಡಾ. ಫ.ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತರಲು ಸಾಧ್ಯವಾದುದು ಆ ಬರಹಗಳು ಬಾಳಿ ಉಳಿದುದರಿಂದ. ನಮ್ಮ ಸೀಸೆಯ ಶಾಯಿಗೆ ಗೀರಿನ ಆಸರೆಯಿಲ್ಲ. ಬಣ್ಣ ಹೋದರೆ ಅಕ್ಷರವೇ ಹೋಯಿತು. ಸಾಮಾನ್ಯ ನೀಲಿ ಶಾಯಿ ಬಿಸಿಲಿಗೆ ಮಾಸುತ್ತದೆ, ನೀರು ಬಿದ್ದರೆ ಹರಡುತ್ತದೆ.

ಆದುದರಿಂದ ವಂಶಾವಳಿಗೆ ನೀರಿಗೆ ಕರಗದ ಹೊಸ ಶಾಯಿಯೇ ಇರಲಿ. ಸೀಸೆಯ ಮೇಲಿನ ಹೆಸರನ್ನು ಮಾತ್ರ ನಂಬದೆ, ಅದೇ ಕಾಗದದ ಚೂರಿನ ಮೇಲೆ ಬರೆದು, ಒಂದು ದಿನ ಒಣಗಿಸಿ, ಎರಡು ಹನಿ ನೀರು ಬಿಟ್ಟು ನೋಡಬೇಕು. ಹಳೆಯ ಪ್ರತಿಯನ್ನೂ ಎಸೆಯದೆ ಫೋಟೋ ತೆಗೆಸಿ ಜೋಪಾನವಾಗಿಡಬೇಕು. ಅಜ್ಜನ ಶಾಯಿ ಶುದ್ಧವಾಗಿದ್ದರೆ ಅದು ಮಕ್ಕಳ ಕೈಗೆ ಸೇರಲಿ. ದಿನಕ್ಕೊಂದು ವಚನವನ್ನು ಅವರು ಅದರಿಂದ ಬರೆಯಲಿ. ಸೀಸೆ ಬರಿದಾಗುವ ಹೊತ್ತಿಗೆ ವಚನಗಳು ಅವರಿಗೆ ಬಾಯಿಪಾಠವಾಗಿರುತ್ತವೆ.