ಗಾಯ ಒಣಗಿದ ಮೇಲಿನ ನೋವು

ಎದೆಯ ಶಸ್ತ್ರಚಿಕಿತ್ಸೆ ಮುಗಿಸಿ ಮಂಗಳೂರಿನಿಂದ ಮರಳಿದವರನ್ನು ನೋಡಲು ನೆಂಟರಿಷ್ಟರು ಬರುವುದು ನಮ್ಮ ಕಡೆಯ ರೂಢಿ. ಎರಡು ತಿಂಗಳು ಕಳೆದರೆ ಅವರೇ, "ಗಾಯ ಒಣಗಿತಲ್ಲ, ಇನ್ನೇನು ನೋವು?" ಎನ್ನುತ್ತಾರೆ. ಈ ಪ್ರಶ್ನೆಗೆ ಉತ್ತರಿಸುವ ಕಷ್ಟವನ್ನು ನಾವು ಅನುಭವದಿಂದ ಬಲ್ಲೆವು. ಹಳೆಯ ಕ್ಷಯದಿಂದ ಕೆಟ್ಟಿದ್ದ ಬಲ ಶ್ವಾಸಕೋಶದ ಮೇಲ್ಭಾಗವನ್ನು ತೆಗೆಸಿಕೊಂಡು ಏಳು ತಿಂಗಳಾಯಿತು. ಇಂದಿಗೂ ಕರಿಹಲಗೆಯ ಮೇಲಿನ ಸಾಲಿಗೆ ಕೈಯೆತ್ತಿದರೆ ಪಕ್ಕೆಯಲ್ಲಿ ಕೆಂಡ ಇಟ್ಟಂತಾಗುತ್ತದೆ. ಅಂಗಿ ತಾಗಿದರೂ ಉರಿ.

ಇದು ಮೈಗಳ್ಳತನವಲ್ಲ, ಭ್ರಮೆಯೂ ಅಲ್ಲ. ಎದೆ ತೆರೆಯುವಾಗ ಪಕ್ಕೆಲುಬುಗಳನ್ನು ಅಗಲಿಸುತ್ತಾರೆ. ಒಂದೊಂದು ಪಕ್ಕೆಲುಬಿನ ಕೆಳ ಅಂಚಿನಲ್ಲೂ ನರ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಚರ್ಮ ಕೂಡಿಕೊಂಡರೂ ನೋವು ಉಳಿಯುತ್ತದೆ. ಹೀಗೆ ಎದೆ ತೆರೆಸಿಕೊಂಡವರಲ್ಲಿ ನೂರಕ್ಕೆ 25ರಿಂದ 60 ಮಂದಿಗೆ ಇದು ತಿಂಗಳುಗಟ್ಟಲೆ ಕಾಡುವುದೆಂದು ವೈದ್ಯರ ಅಂದಾಜು. ನೋವಿಗೆ ಹೆದರಿ ದೀರ್ಘವಾಗಿ ಉಸಿರೆಳೆಯದೆ, ಕೆಮ್ಮದೆ ಇದ್ದರೆ ಕಫ ಕಟ್ಟಿ ನ್ಯುಮೋನಿಯಾ ಆದೀತು. ದಿಂಬನ್ನು ಪಕ್ಕೆಗೆ ಒತ್ತಿಹಿಡಿದು ಕೆಮ್ಮಬೇಕು. ಉಸಿರಾಟದ ವ್ಯಾಯಾಮವನ್ನೂ ಭುಜದ ಚಲನೆಯನ್ನೂ ಬಿಡಬಾರದು. ಜ್ವರ, ಹೆಚ್ಚುವ ಉಬ್ಬಸ, ಕಫದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಮೊದಲ ಸಲ ಪರೀಕ್ಷೆಗೆ ಹೋದಾಗ ನಾವು "ನೋವು ಉಂಟು" ಎಂದಷ್ಟೇ ಹೇಳಿದೆವು. ಸಾಧಾರಣ ನೋವಿನ ಮಾತ್ರೆ ಸಿಕ್ಕಿತು, ಫಲವಾಗಲಿಲ್ಲ. ಮತ್ತೆ ಹೋಗಿ ಉರಿ, ಜೋಮು, ಬಟ್ಟೆ ತಾಗಿದರಾಗುವ ಸಂಕಟ, ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ ನರದ ನೋವಿಗೆ ಕೊಡುವ ಗ್ಯಾಬಾಪೆಂಟಿನ್ ಬರೆದುಕೊಟ್ಟರು. ನೋವು ಪೂರ್ತಿ ಹೋಗಿಲ್ಲ. ಆದರೆ ರಾತ್ರಿ ನಿದ್ದೆ ಬರತೊಡಗಿದೆ.

ನೋವಿನ ಬಗೆ ತಿಳಿದರೆ ಮಾತ್ರ ಮದ್ದಿನ ಬಗೆ ನಿಶ್ಚಯವಾಗುತ್ತದೆ ಎಂದಾದರೆ, ಕಾಸರಗೋಡಿನ ಕನ್ನಡಿಗರ ಪಾಡೇನು? ಕೇರಳವು 2008ರಲ್ಲೇ ಪಾಲಿಯೇಟಿವ್ ಆರೈಕೆಯ ನೀತಿಯನ್ನು ತಂದ ರಾಜ್ಯ. ಪಂಚಾಯತಿನ ದಾದಿಯರು ದೀರ್ಘಕಾಲದ ರೋಗಿಗಳ ಮನೆಬಾಗಿಲಿಗೆ ಬರುತ್ತಾರೆ. ಇದು ಮೆಚ್ಚತಕ್ಕ ಸೇವೆ. ಆದರೆ ಗಡಿಗ್ರಾಮದ ಅಜ್ಜಿಯೊಬ್ಬರಲ್ಲಿ "ವೇದನ ಉಂಡೋ?" ಎಂದು ಕೇಳಿದರೆ "ಉಂಟು" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಚುಚ್ಚುವುದೋ, ಸೆಳೆಯುವುದೋ, ಉರಿಯುವುದೋ ಎಂಬುದು ಅಜ್ಜಿಯ ಬಾಯಲ್ಲೇ ಉಳಿಯುತ್ತದೆ. ಆಸ್ಪತ್ರೆಯಿಂದ ಬಿಡುವಾಗ ಕೊಡುವ ಕಾಗದವಂತೂ ಇಂಗ್ಲಿಷಿನಲ್ಲಿ. ಮನೆಯಲ್ಲಿ ಅದನ್ನು ಓದುವವರು ಯಾರು?

1969ರ ರಾಜ್ಯ ಭಾಷಾ ಕಾಯಿದೆಯು ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ನಮಗಿತ್ತಿದೆ. ಅರ್ಜಿಗೆ ಸಲ್ಲುವ ಭಾಷೆ ನೋವಿಗೆ ಸಲ್ಲಬಾರದೇ? ನೋವಿನ ಬಗೆಗಳನ್ನೂ ಅಪಾಯದ ಲಕ್ಷಣಗಳನ್ನೂ ಕನ್ನಡದಲ್ಲಿ ಅಚ್ಚುಹಾಕಿದ ಒಂದು ಹಾಳೆ ದಾದಿಯರ ಚೀಲದಲ್ಲಿರಲಿ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಬರೆದುಕೊಡಲು ನಮ್ಮಂಥ ಶಿಕ್ಷಕರು ಸಿದ್ಧರಿದ್ದೇವೆ. ಪಂಚಾಯತುಗಳು ಮನಸ್ಸು ಮಾಡಬೇಕಾಗಿದೆ.