ಜಾಲರಿ ಕಿತ್ತರೆ ರೋಗ ಹೋಗೋದಿಲ್ಲ

ಹಿಂಗಾರಿ ಜೋಳ ಬಿತ್ತಾಕ ನಮ್ಮ ಎರಿ ಹೊಲದಾಗ ಹದ ಸಿಗೋದು ನಾಲ್ಕೈದು ದಿನ. ಅದೇ ಹೊತ್ತಿಗೆ ಟ್ರ್ಯಾಕ್ಟರಿನ ಲಿಫ್ಟ್ ಕೈಕೊಟ್ಟರೆ ಪಾಡು ಏನು ಅನ್ನೋದನ್ನ ಜಮಖಂಡಿ, ಮುಧೋಳ, ಬೀಳಗಿ ಕಡೆಯ ರೈತರಿಗೆ ಹೇಳಬೇಕಾಗಿಲ್ಲ. ಕೂರಿಗೆ ಏಳೋದಿಲ್ಲ, ಎದ್ದರೆ ನಿಲ್ಲೋದಿಲ್ಲ. "ಹೈಡ್ರಾಲಿಕ್ ಹೋತು" ಅಂದು ಗ್ಯಾರೇಜಿಗೆ ಓಡತೀವಿ. ಹೋದದ್ದು ಏನು, ಯಾಕೆ ಹೋತು ಅಂತ ಮಾತ್ರ ಕೇಳೋದಿಲ್ಲ.

ನಾನೂ ಕೇಳಿರಲಿಲ್ಲ. ಒಂದು ವರ್ಷ ಲಿಫ್ಟ್ ನಿಧಾನ ಆತು, ಪಂಪು ಕುಂಯ್ ಅನ್ನಾಕ ಹತ್ತಿತು. ಮಿಸ್ತ್ರಿ ಬಿಚ್ಚಿ ನೋಡಿ, ಒಳಗಿನ ತಂತಿ ಜಾಲರಿ ತೆಗೆದು ನೆಲಕ್ಕಿಟ್ಟ. "ಕಾಕಾ, ಅಡ್ಡ ಆಗಿದ್ದು ಇದ ನೋಡ್ರಿ. ಇನ್ನ ಇದು ಬ್ಯಾಡ" ಅಂದ. ಲಿಫ್ಟ್ ಹೊಸದರಂಗ ಎದ್ದಿತು. ನಾನು ಖುಷಿಯಾಗಿ ಚಹಾ ಕುಡಿಸಿದೆ. ಮುಂದಿನ ಹಂಗಾಮಿಗೆ ಕಂಟ್ರೋಲ್ ವಾಲ್ವ್ ಕೆಟ್ಟಿತು. ಹೊಸದು ಹಾಕಿಸಿದೆ. ಎಣ್ಣೆ ಹಳೇದೇ, ಜಾಲರಿ ಇಲ್ಲ. ವರ್ಷ ತುಂಬೋದರೊಳಗೆ ಅದೂ ಹೋತು. ತಪ್ಪು ಮಿಸ್ತ್ರಿಯದಷ್ಟೇ ಅಲ್ಲ, ಕೇಳದೆ ಸುಮ್ಮನಿದ್ದ ನಂದೂ ಐತಿ.

ಕಂಟ್ರೋಲ್ ವಾಲ್ವ್ ಅಂದರೆ ಎಣ್ಣೆ ಯಾವ ದಾರಿ ಹಿಡೀಬೇಕು ಅಂತ ನಿರ್ಧಾರ ಮಾಡೋ ಬಾಗಿಲು. ಅದರ ತೂತಿನೊಳಗೆ ಸ್ಪೂಲ್ ಅನ್ನೋ ಉಕ್ಕಿನ ದಿಂಡು ಹಿಂದೆ ಮುಂದೆ ಸರಿಯುತ್ತದೆ. ದಿಂಡಿಗೂ ಗೋಡೆಗೂ ನಡುವಿನ ಸಂದಿ ಕೆಲವೇ ಮೈಕ್ರಾನ್. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. 40ಕ್ಕಿಂತ ಸಣ್ಣದು ಬರಿಗಣ್ಣಿಗೆ ಕಾಣೋದು ಕಷ್ಟ. ಅಂದರೆ ವಾಲ್ವನ್ನು ಕೊಲ್ಲೋ ಕಸ ಕಣ್ಣಿಗೆ ಬೀಳೋದೇ ಇಲ್ಲ. ಬಾಟಲಿಯಾಗ ತಿಳಿಯಾಗಿ ಕಂಡ ಎಣ್ಣೆ ಸ್ವಚ್ಛ ಅಂತ ತಿಳಕೋಬಾರದು. ರಬಕವಿ-ಬನಹಟ್ಟಿಯ ನೇಕಾರರನ್ನು ಕೇಳಿ ನೋಡಿ: ನೂಲಿನಾಗ ಒಂದು ಸಣ್ಣ ಗಂಟು ಬಂದರೆ ಸೀರಿಯೇ ಕೆಡತದ. ಇಲ್ಲಿಯೂ ಹಂಗ.

ಕಸ ಬರೋದು ಎಲ್ಲಿಂದ? ಬಹಳ ಟ್ರ್ಯಾಕ್ಟರಿನಾಗ ಗೇರಿಗೂ ಲಿಫ್ಟಿಗೂ ಒಂದೇ ಎಣ್ಣೆ. ಗೇರು ಸವೆದ ಪುಡಿ ಅದರಾಗೇ ಬೀಳತದ. ಪಲ್ಟಿ ನೇಗಿಲು, ಡಂಪಿಂಗ್ ಟ್ರೇಲರ್ ಜೋಡಿಸುವಾಗ ಪೈಪಿನ ಬಾಯಿ ಒರೆಸದೆ ಚುಚ್ಚತೀವಿ, ಎರಿಮಣ್ಣು ಒಳಗೆ ಹೋಗತದ. ಇನ್ನೊಬ್ಬರ ಟ್ರೇಲರ್ ಹಚ್ಚಿದರೆ ಅವರ ಎಣ್ಣೆಯ ಕಸವೂ ನಮಗೇ. ಧೂಳು ಹಿಡಿದ ಲಾಳಿಕೆ, ಒರೆಸುವ ಕಾಟನ್ ವೇಸ್ಟಿನ ಎಳೆ, ತೊಳೆಯುವಾಗ ಇಳಿದ ನೀರು, ಎಲ್ಲ ಸೇರಿ ರಾಡಿ.

ಇದನ್ನು ತಡೆಯಾಕ ಕಾವಲು ಇಟ್ಟಾರ. ಪಂಪಿಗೆ ಎಣ್ಣೆ ಹೋಗುವಲ್ಲಿ ತಂತಿ ಜಾಲರಿ. ಅದು ಸಾಮಾನ್ಯವಾಗಿ 100ರಿಂದ 150 ಮೈಕ್ರಾನಿನ ದಪ್ಪ ಕಸ ಹಿಡೀತದ. ಅದಕ್ಕಿಂತ ಸಣ್ಣದನ್ನು ಹಿಡಿಯಾಕ ಬಹಳ ಮಾಡೆಲ್ಲಿನಾಗ ಬೇರೆ ಫಿಲ್ಟರ್ ಇರತದ. ಕಬ್ಬು ಕಟಾವಿಗೆ ಬರೋ ದೊಡ್ಡ ಯಂತ್ರಗಳಂಥವುಗಳಲ್ಲಿ ಕೆಲವು ವಾಲ್ವಿನ ಹೊಟ್ಟೆಯೊಳಗೇ, ಸಣ್ಣ ತೂತುಗಳ ಮುಂದೆ, ಉಗುರಿನಷ್ಟು ಜಾಲರಿ ಇರೋದುಂಟು. ಅದು ಕಡೇ ಕಾವಲುಗಾರ. ಹೆಂಗೋ ತಪ್ಪಿಸಿಕೊಂಡು ಬಂದ ಒಂದು ಚೂರನ್ನು ಬಾಗಿಲಲ್ಲಿ ಹಿಡಿಯೋದು ಅದರ ಕೆಲಸ. ಇಡೀ ಎಣ್ಣೆಯ ಕಸ ಗುಡಿಸೋದು ಅದರ ಕೆಲಸ ಅಲ್ಲ. ಅದೇ ಪದೇ ಪದೇ ಕಟ್ಟಿಕೊಳ್ಳತದ ಅಂದರೆ ಹಿಂದಿನ ಮನಿ ಹೊಲಸಾಗೇತಿ ಅಂತ ಅರ್ಥ.

ನನ್ನ ಮಾತು ಇಷ್ಟೇ. ಕಟ್ಟಿಕೊಂಡ ಜಾಲರಿ ರೋಗ ಅಲ್ಲ, ರೋಗದ ಸುದ್ದಿ ತಂದವನು. ಸುದ್ದಿ ತಂದವನನ್ನು ಹೊರಗೆ ಹಾಕಿ ಬಾಗಿಲು ತೆರೆದಿಟ್ಟರೆ ಲಿಫ್ಟ್ ನಾಲ್ಕು ದಿನ ಚುರುಕಾಗತದ, ಆಮೇಲೆ ಪಂಪು, ವಾಲ್ವ್ ಎರಡೂ ಸವೀತಾವ.

"ಕೆಲವು ಗಾಡಿಗೆ 40 ಲೀಟರಿನಷ್ಟು ಎಣ್ಣೆ ಬೇಕು, ಒಣಬೇಸಾಯದವನು ಎಲ್ಲಿಂದ ತರಬೇಕು?" ಅಂತ ಕೇಳೋರು ಇದ್ದಾರ. ಖರೆ ಐತಿ, ಆ ಖರ್ಚು ನನಗೂ ಗೊತ್ತು. ಆದರೆ ಜಾಲರಿಯನ್ನು ಡೀಸೆಲ್‌ನಾಗ ಬ್ರಷ್ ಹಾಕಿ ತೊಳೆದು, ಬಟ್ಟೆಯಿಂದ ಒರೆಸದೆ ಆರಿಸಿ ಕೂಡಿಸಾಕ ಎಷ್ಟು ರೊಕ್ಕ ಬೇಕು? ಹರಿದಿದ್ದರೆ ಹೊಸದು ಹಾಕಬೇಕು. ಕಾಗದದ ಫಿಲ್ಟರ್ ತೊಳೆಯೋದಲ್ಲ, ಬದಲಿ ಮಾಡೋದು. ಎಣ್ಣೆ ಹಾಲಿನಂಗ ಬೆಳ್ಳಗಾಗಿದ್ದರೆ ನೀರು ಸೇರೇತಿ, ಅದನ್ನು ಬಿಟ್ಟು ಬೇರೆ ದಾರಿ ಇಲ್ಲ. ವಾಲ್ವ್ ಬದಲಿಸಿದ ದಿನ ಎಣ್ಣೆ, ಜಾಲರಿ ನೋಡದೆ ಮುಚ್ಚಿಸಬ್ಯಾಡ್ರಿ.

ಗಾಡಿ ಮಾರುವವರಿಗೂ ಒಂದು ಮಾತು. ಇಂಜಿನ್ ಆಯಿಲ್ ಬದಲಿಸೋದನ್ನ ಎಲ್ಲರೂ ಹೇಳತೀರಿ. ಲಿಫ್ಟಿನ ಜಾಲರಿ ಎಲ್ಲಿ ಐತಿ, ಎಷ್ಟು ತಾಸಿಗೆ ತೊಳೀಬೇಕು ಅನ್ನೋದನ್ನೂ ಗಾಡಿ ಕೊಡುವ ದಿನವೇ ಕೈಮುಟ್ಟಿ ತೋರಿಸ್ರಿ, ಕನ್ನಡದಾಗ ಬರೆದುಕೊಡ್ರಿ.

ಇದು ಬರೇ ರೊಕ್ಕದ ಮಾತಲ್ಲ. ಕಸ ಸಿಕ್ಕ ವಾಲ್ವ್ ಯಾವಾಗ ಬಿಡತದ ಹೇಳಾಕ ಬರೋದಿಲ್ಲ. ಎತ್ತಿದ ಟ್ರೇಲರಿನ ಕೆಳಗೆ ಆಸರೆ ಕೊಡದೆ ಯಾರೂ ಹೋಗಬ್ಯಾಡ್ರಿ, ಮಕ್ಕಳನ್ನಂತೂ ಬಿಡಲೇಬ್ಯಾಡ್ರಿ.

ಮನಿಯಾಗ ಸಾಣಿಗಿ ತುಂಬಿದರೆ ಹೆಣ್ಣುಮಕ್ಕಳು ತೌಡು ಚೆಲ್ಲತಾರ, ಸಾಣಿಗಿ ಚೆಲ್ಲೋದಿಲ್ಲ. ಅಷ್ಟು ತಿಳುವಳಿಕಿ ನಮಗೂ ಇರಲಿ.